ಸಂಪಿಗೆ ರಸ್ತೆಯಿಂದ ದೊಡ್ಡ ಸಂಪಿಗೆವರೆಗೆ: ಬಿಳಿಗಿರಿ ಬೆಟ್ಟದ ಕಾಡಿನ ಕತೆ

ಈ ಸಲದ ಟಿಪ್ಪಣಿ ಬೆಳೆದಲ್ಲ, ಕಾಡಿಂದು. ಸ್ವಲ್ಪ ಉದ್ದ ಇದೆ. ಸಂಜೆ ಹಸು ಕರೆದು, ಹಾಲು ಡೇರಿಗೆ ಹಾಕಿ, ಬಿಡುವಾದಾಗ ಓದಿ.

ಯಾಕೆ ಈ ವಿಷಯ ಅಂದ್ರೆ, ನಮ್ಮ ಸುತ್ತಮುತ್ತ ಈಗ "ಪರಿಸರ ಪ್ರವಾಸೋದ್ಯಮ" ಅನ್ನೋ ಮಾತು ಪಂಚಾಯ್ತಿ ಕಟ್ಟೆವರೆಗೂ ಬಂದಿದೆ. ನಂದಿ ಬೆಟ್ಟಕ್ಕೆ ರೋಪ್‌ವೇ ಅಂತ 2023ರಲ್ಲಿ ಶಂಕುಸ್ಥಾಪನೆ ಆಯ್ತು. ಬೆಟ್ಟದ ತಪ್ಪಲಲ್ಲಿ ಎಲ್ಲಿ ನೋಡಿದ್ರೂ ರೆಸಾರ್ಟು, ಹೋಂಸ್ಟೇ ಬೋರ್ಡು. ಗುಂಡುತೋಪು, ಗೋಮಾಳ ಅಂತ ಉಳಿದಿರೋ ತುಂಡು ಜಾಗಕ್ಕೂ ಬೇಲಿ ಹಾಕಿ ಟಿಕೆಟ್ ಇಡೋಣ ಅನ್ನೋರಿದ್ದಾರೆ. ಕಾಡೂ ಉಳಿಯುತ್ತೆ, ಊರಿಗೂ ನಾಕು ಕಾಸು ಬರುತ್ತೆ ಅನ್ನೋದು ಅವರ ಲೆಕ್ಕ. ಈ ಲೆಕ್ಕ ನಿಜಾನಾ? ಹೌದು ಅನ್ನೋಕ್ಕೂ ಇಲ್ಲ ಅನ್ನೋಕ್ಕೂ ಮುಂಚೆ, ಇದನ್ನೆಲ್ಲ ಐವತ್ತು ವರ್ಷದಿಂದ ಅನುಭವಿಸಿರೋ ಒಂದು ಬೆಟ್ಟದ ಚರಿತ್ರೆ ನೋಡೋದು ಒಳ್ಳೇದು. ಆ ಬೆಟ್ಟ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ.

ಆದ್ರೆ ಕತೆ ಶುರು ಮಾಡೋದು ನಮಗೆಲ್ಲ ಗೊತ್ತಿರೋ ಜಾಗದಿಂದಲೇ, ಮಲ್ಲೇಶ್ವರದ ಸಂಪಿಗೆ ರಸ್ತೆಯಿಂದ. ಎಂಟನೇ ಕ್ರಾಸಿನಲ್ಲಿ ಸೊಪ್ಪು, ಅವರೆಕಾಯಿ, ಬಾಳೆಎಲೆ ಇಳಿಸಿರೋರು ನಮ್ಮಲ್ಲಿ ಎಷ್ಟೋ ಜನ ಇದ್ದೀವಿ. ಅಲ್ಲಿನ ಎರಡು ದೊಡ್ಡ ರಸ್ತೆಗಳಿಗೆ ಮರದ ಹೆಸರು: ಒಂದು ಸಂಪಿಗೆ, ಇನ್ನೊಂದು ಮಾರ್ಗೋಸಾ, ಅಂದ್ರೆ ಬೇವು. 1898ರ ಪ್ಲೇಗಿನ ಹೊತ್ತಲ್ಲಿ ಪೇಟೆಯ ಇಕ್ಕಟ್ಟಿನಿಂದ ಜನರನ್ನ ಗಾಳಿ-ಬೆಳಕು ಇರೋ ಕಡೆ ಕೂರಿಸಬೇಕು ಅಂತ ಬೆಳೆಸಿದ ಬಡಾವಣೆ ಅದು. ಅಲ್ಲಿನ ದೇವರ ಹೆಸರು ಕಾಡು ಮಲ್ಲೇಶ್ವರ. ಹದಿನೇಳನೇ ಶತಮಾನದಲ್ಲಿ ಶಿವಾಜಿಯ ಮಲಸಹೋದರ ವೆಂಕೋಜಿ ಕಾಲದ ಗುಡಿ ಅಂತಾರೆ. 1669ರ ಶಾಸನದಲ್ಲಿ ಗುಡಿಗೆ ಮೇದರನಿಂಗನಹಳ್ಳಿಯನ್ನ ದತ್ತಿ ಕೊಟ್ಟ ವಿಷಯ ಇದೆ. ಎದುರಿಗೇ ನಂದಿತೀರ್ಥ. ವೃಷಭಾವತಿ ಹುಟ್ಟೋ ತಾವುಗಳಲ್ಲಿ ಅದೂ ಒಂದು ಅಂತ ಹೇಳ್ತಾರೆ.

ಈಗ ಆ ದೇವರ ಹೆಸರಲ್ಲಿ ಮಾತ್ರ ಕಾಡಿದೆ. ರಸ್ತೆಯ ಹೆಸರಲ್ಲಿ ಮಾತ್ರ ಸಂಪಿಗೆ. 2014ರಲ್ಲಿ ಪೀಣ್ಯ ಕಡೆಯಿಂದ ಮೆಟ್ರೋ ಅಲ್ಲಿಗೆ ಬಂದಾಗ ಸ್ಟೇಷನ್ನಿಗೂ ಆ ಮರದ ಹೆಸರೇ ಅಂಟಿಕೊಳ್ತು, ಪಕ್ಕದ ಮಾಲಿನ ಹೆಸರಿನ ಜೊತೆ. ಇದನ್ನ ಕುಹಕಕ್ಕೆ ಹೇಳ್ತಿಲ್ಲ. ಹೆಸರು ಉಳಿಯೋದು ಸುಲಭ, ಮರ ಉಳಿಯೋದು ಕಷ್ಟ ಅನ್ನೋದಕ್ಕೆ ಹೇಳ್ದೆ. ಇನ್ನೊಂದು ವಿಷಯ ಗಮನಿಸಿ. ಕರ್ನಾಟಕದ ಕಾಡುಗಳ ಹಣೆಬರಹ ಬರೆಯೋ ಅರಣ್ಯ ಭವನ ಇರೋದೂ ಇದೇ ಮಲ್ಲೇಶ್ವರದ ಹದಿನೆಂಟನೇ ಕ್ರಾಸಿನಲ್ಲಿ. ಯಾವ ಬೆಟ್ಟದಲ್ಲಿ ಯಾರು ಇರಬೇಕು, ಯಾರು ಏನು ಕೀಳಬಹುದು, ಎಷ್ಟು ಜೀಪು ಓಡಬೇಕು ಅನ್ನೋ ಕಡತಗಳು ಅಲ್ಲಿಂದ ಹೊರಟು ಬೆಟ್ಟ ಹತ್ತುತ್ವೆ.

ಅಲ್ಲಿಂದ ಸುಮಾರು 180 ಕಿಲೋಮೀಟರ್ ದೂರದಲ್ಲಿ, ಬಿಳಿಗಿರಿ ಕಾಡಿನೊಳಗೆ, ಭಾರ್ಗವಿ ಹೊಳೆ ದಂಡೆಯಲ್ಲಿ ಇನ್ನೊಂದು ಸಂಪಿಗೆ ಇದೆ. ದೊಡ್ಡ ಸಂಪಿಗೆ ಅಂತಲೇ ಹೆಸರು. ಸೋಲಿಗರಿಗೆ ಅದು ಮರ ಅಲ್ಲ, ದೇವರು. ಸಾವಿರಾರು ವರ್ಷದ್ದು ಅಂತ ಅವರ ನಂಬಿಕೆ. ಬುಡ ಒಂದೇ ಕಾಂಡದ ಥರ ಇಲ್ಲ, ಹಳೇ ಬೇರಿನಿಂದ ಮೇಲೆದ್ದ ಹಲವು ಕಾಂಡಗಳು ಕೂಡಿಕೊಂಡ ಹಾಗಿದೆ. ಬುಡದಲ್ಲಿ ಸಾಲಾಗಿ ಕಲ್ಲುಗಳಿದ್ದಾವೆ, ಅವೇ ಲಿಂಗ. ಗುಡಿ ಇಲ್ಲ, ಗೋಪುರ ಇಲ್ಲ, ಹುಂಡಿ ಇಲ್ಲ.

ಸಂಪಿಗೆ ಬೆಳೆದಿರೋರಿಗೆ ಗೊತ್ತು, ಬೀಜ ಹಸಿ ಇದ್ದಾಗಲೇ ಬಿತ್ತಬೇಕು, ಒಣಗಿಸಿ ಇಟ್ರೆ ಹುಟ್ಟಲ್ಲ. ಬೀಜದ ಗಿಡ ಹೂ ಬಿಡೋಕೆ ವರ್ಷಗಟ್ಟಲೆ ಕಾಯಬೇಕು, ಅದಕ್ಕೇ ಎಲ್ಲರೂ ಕಸಿ ಗಿಡ ಹಾಕೋದು. ಅಂಥ ಮರ ಅಷ್ಟು ಕಾಲ ನಿಂತಿದೆ ಅಂದ್ರೆ, ತಲೆಮಾರಿನ ಮೇಲೆ ತಲೆಮಾರು ಅದಕ್ಕೆ ಕೊಡಲಿ ಹಾಕಬಾರದು ಅಂತ ತೀರ್ಮಾನ ಮಾಡಿದ್ದಾರೆ ಅಂತಲೇ ಅರ್ಥ. ಕಾಯ್ದೆ ಬರೋಕ್ಕೆ ಎಷ್ಟೋ ಮುಂಚೆ.

ಬಿಳಿಗಿರಿ ಸಾಲು ಇರೋ ಜಾಗವೇ ವಿಶೇಷ. ಪಶ್ಚಿಮ ಘಟ್ಟ ಪೂರ್ವ ಘಟ್ಟದ ಕಡೆಗೆ ಕೈ ಚಾಚಿದ ಹಾಗೆ ಅದು ಮಧ್ಯದಲ್ಲಿದೆ. ಬುಡದಲ್ಲಿ ಕುರುಚಲು, ಜಾಲಿ. ಮಧ್ಯದಲ್ಲಿ ಮತ್ತಿ, ಹೊನ್ನೆ, ದಿಂಡಲ, ನೆಲ್ಲಿ ಇರೋ ಎಲೆ ಉದುರೋ ಕಾಡು. ಇನ್ನೂ ಮೇಲೆ ಹೋದ್ರೆ ಹುಲ್ಲುಗಾವಲು, ಅದರ ಕಣಿವೆಗಳಲ್ಲಿ ಶೋಲಾ. ಅತಿ ಎತ್ತರದ ಕತ್ತರಿ ಬೆಟ್ಟ ಸುಮಾರು 1800 ಮೀಟರ್. ಒಂದೇ ದಿನ ನಡೆದು ನಾಲ್ಕು ಥರದ ಕಾಡು ನೋಡಬಹುದು. ಆ ಸೀಮೆಯ ಸುವರ್ಣಾವತಿ ಚಾಮರಾಜನಗರ, ಯಳಂದೂರು, ಕೊಳ್ಳೇಗಾಲ ತಾಲ್ಲೂಕುಗಳ ಗದ್ದೆಗೆ ನೀರುಣಿಸಿ ಕಾವೇರಿ ಸೇರುತ್ತೆ. ಬೆಂಗಳೂರಿಗೆ ಕಾವೇರಿ ನೀರಿನ ಮೊದಲ ಹಂತ ಬಂದದ್ದು 1974ರಲ್ಲಿ. ಅದೇ ವರ್ಷವೇ ಬಿಳಿಗಿರಿಯನ್ನ ವನ್ಯಜೀವಿಧಾಮ ಅಂತ ಘೋಷಿಸಿದ್ದು. ಒಂದಕ್ಕೊಂದು ಸಂಬಂಧ ಇಟ್ಟು ಮಾಡಿದ್ದಲ್ಲ, ಆದ್ರೂ ನೆನಪಿಟ್ಕೊಳ್ಳೋ ಹಾಗಿದೆ.

ಈಗ ಚರಿತ್ರೆ. ಬೆಟ್ಟದಲ್ಲಿ ಮೊದಲಿಂದ ಇದ್ದೋರು ಸೋಲಿಗರು. ಅವರಲ್ಲಿ ಕುಲಗಳಿದ್ದಾವೆ, ಕುಲಕ್ಕೊಂದು ಎಲ್ಲೆ ಇತ್ತು. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಸಮಾಧಿ, ಅಬ್ಬಿ, ಎಲ್ಲಕ್ಕೂ ಗೊತ್ತುಪಡಿಸಿದ ಜಾಗ. ಬೆಂಗಳೂರಿನ ಏಟ್ರೀ ಸಂಸ್ಥೆಯೋರು ಸೋಲಿಗರ ಜೊತೆ ಸೇರಿ ಈ ಜಾಗಗಳ ನಕ್ಷೆ ಮಾಡಿದಾಗ ಸುಮಾರು ಐನೂರು ಸಿಕ್ಕುವು. ನಮ್ಮ ಕಡೆ ಸರ್ವೆ ನಂಬರ್ ಇದ್ದ ಹಾಗೆ ಅಂದ್ಕೊಳ್ಳಿ, ಆದ್ರೆ ಬರೆದಿಟ್ಟದ್ದಲ್ಲ, ಹಾಡು-ಹಬ್ಬದಲ್ಲಿ ಇಟ್ಟದ್ದು. ಬೆಟ್ಟದ ಮೇಲಿನ ರಂಗನಾಥ ಅವರಿಗೆ ಭಾವ ಆಗಬೇಕು. ಅವರ ಮನೆ ಹುಡುಗಿ ಕುಸುಮಾಲೆಯನ್ನ ಆತ ಮದುವೆ ಆದ ಅನ್ನೋ ಕತೆ ಇದೆ. ದೇವರಿಗೇ ಭಾವ ಅನ್ನೋ ಸಲಿಗೆ ಎಲ್ಲರಿಗೂ ಸಿಗಲ್ಲ ನೋಡಿ.

ಅವರ ಬೇಸಾಯ ಕುಮರಿ. ಒಂದು ತುಂಡು ಕಾಡು ಸವರಿ, ಸುಟ್ಟು, ರಾಗಿ, ಸಾಮೆ, ನವಣೆ, ಅವರೆ, ಕುಂಬಳ ಬಿತ್ತೋದು. ಕೆಲವು ವರ್ಷ ಬಿಟ್ಟು ಇನ್ನೊಂದು ಕಡೆ ಹೋಗೋದು. ಜೊತೆಗೆ ಜೇನು, ನೆಲ್ಲಿಕಾಯಿ, ಕಲ್ಲುಹೂವು, ಸೀಗೆ, ಅಂಟುವಾಳ.

ಹತ್ತೊಂಬತ್ತನೇ ಶತಮಾನದಲ್ಲಿ ಹೊರಗಿನವರ ಕಣ್ಣು ಬಿತ್ತು. ಮೈಸೂರು ಸರ್ಕಾರದ ಕಾಲುವೆ ನೋಡ್ಕೊಳ್ಳೋ ಕೆಲಸದಲ್ಲಿದ್ದ ಜಿ.ಪಿ. ಸ್ಯಾಂಡರ್ಸನ್ ಅನ್ನೋ ಇಂಗ್ಲಿಷ್ ಅಧಿಕಾರಿ 1874ರಲ್ಲಿ ಇದೇ ಬೆಟ್ಟದ ಬುಡದಲ್ಲಿ, ಚಾಮರಾಜನಗರದ ಹತ್ತಿರ, ಖೆಡ್ಡಾ ಹಾಕಿ ಆನೆ ಹಿಂಡು ಹಿಡಿದ. ಆಮೇಲೆ ಅತ್ತಿಖಾನೆ, ಹೊನ್ನಮೇಟಿ ಕಡೆ ಮಾರಿಸ್ ಮನೆತನದೋರು ಕಾಫಿ ತೋಟ ಮಾಡಿದ್ರು. ಆ ಮನೆಯ ಆರ್.ಸಿ. ಮಾರಿಸ್ ಬೇಟೆಗಾರನೂ ಹೌದು, ಪ್ರಾಣಿ-ಪಕ್ಷಿ ಚೆನ್ನಾಗಿ ಬಲ್ಲವನೂ ಹೌದು. 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ಮಾಡಿದ ಸಲೀಂ ಅಲಿ ಈ ಬೆಟ್ಟಗಳಿಗೂ ಬಂದಿದ್ರು. ಕ್ಯಾತದೇವರ ಗುಡಿಯಲ್ಲಿ ಮಹಾರಾಜರ ಬೇಟೆ ಬಂಗಲೆ ಇತ್ತು. ಮರಮುಟ್ಟಿಗೆ, ಗಂಧಕ್ಕೆ, ಬಿದಿರಿಗೆ ಕಾಡು ಕರಗುತ್ತಾ ಬಂತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1974ರಲ್ಲಿ ಬಿಳಿಗಿರಿ ವನ್ಯಜೀವಿಧಾಮ ಆಯ್ತು. 1987ರಲ್ಲಿ ಅದನ್ನ ಸುಮಾರು 540 ಚದರ ಕಿಲೋಮೀಟರಿಗೆ ಹಿಗ್ಗಿಸಿದ್ರು. ಇದರಿಂದ ಮರ ಕಡಿಯೋದು, ಬೇಟೆ ನಿಂತದ್ದು ದೊಡ್ಡ ಲಾಭ. ಅದನ್ನ ಒಪ್ಪಲೇಬೇಕು. ಆದ್ರೆ ಅದೇ ಏಟಿಗೆ ಸೋಲಿಗರ ಕುಮರಿಯೂ ನಿಂತಿತು, ಕಾಡಿಗೆ ಬೆಂಕಿ ಹಾಕೋದೂ ನಿಂತಿತು. ಒಳಗಿದ್ದವರನ್ನ ರಸ್ತೆ ಬದಿಯ ಪೋಡುಗಳಿಗೆ ತಂದು ಕೂರಿಸಿದ್ರು. ಕೈಗೆ ಬಂದ ಜಮೀನು ತುಂಡು ತುಂಡು, ಪಟ್ಟಾ ಇದ್ದವರಿಗಿಂತ ಇಲ್ಲದವರೇ ಹೆಚ್ಚು.

ಅಲ್ಲಿಗೆ ಡಾ. ಎಚ್. ಸುದರ್ಶನ್ ಬಂದದ್ದು 1980ರ ಆಸುಪಾಸು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯ್ತು. ಮೊದಲು ಆಸ್ಪತ್ರೆ, ಆಮೇಲೆ ಶಾಲೆ, ಆಮೇಲೆ ಕಸುಬು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಇಲ್ಲಿ ನಮಗೆ ಮುಖ್ಯ ಏನಂದ್ರೆ, ಆ ಶಾಲೆಯಲ್ಲಿ ಓದಿದ ಮಕ್ಕಳು ಮುಂದೆ ತಮ್ಮ ಕಾಡಿನ ಬಗ್ಗೆ ತಾವೇ ಮಾತಾಡೋ ಹಾಗೆ ಆದ್ರು. ಸೋಲಿಗರಲ್ಲಿ ಮೊದಲು ಪಿಎಚ್‌.ಡಿ. ಪಡೆದ ಡಾ. ಸಿ. ಮಾದೇಗೌಡರು ಅರಣ್ಯ ಹಕ್ಕಿನ ಹೋರಾಟದಲ್ಲೂ ಮುಂದೆ ನಿಂತ್ರು.

ತೊಂಬತ್ತರ ದಶಕದಲ್ಲಿ ಕಾಡಿನ ಉತ್ಪನ್ನವನ್ನ ಸಹಕಾರ ಸಂಘದ ಮೂಲಕ ಮಾರೋ ಏರ್ಪಾಡು ಬಲ ಆಯ್ತು. ಲ್ಯಾಂಪ್ಸ್ ಅಂತ ಕರೀತಾರೆ. ಜೇನು ಸೋಸಿ ಬಾಟಲಿ ತುಂಬೋದು, ನೆಲ್ಲಿಕಾಯಿ ಉಪ್ಪಿನಕಾಯಿ, ಇಂಥವು. ಆಗಿನ ಅಧ್ಯಯನಗಳ ಪ್ರಕಾರ ಸೋಲಿಗರ ಮನೆಯ ನಗದು ಆದಾಯದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇದರಿಂದಲೇ ಬರ್ತಿತ್ತು. ನಮ್ಮ ಹಾಲಿನ ದುಡ್ಡಿದ್ದ ಹಾಗೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ ನಿಂತ್ರೆ ನಮ್ಮ ಮನೆ ಏನಾಗುತ್ತೆ ಅಂತ ಯೋಚನೆ ಮಾಡಿ.

ಅದೇ ಕಾಲದಲ್ಲಿ ವೀರಪ್ಪನ್ ಹಾವಳಿ. ಆನೆ ದಂತ, ಗಂಧ ಎರಡೂ ಹೋದ್ವು. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನ ಮೋಸದಿಂದ ಕೊಂದ. ಅವರು ಗೋಪಿನಾಥಂ ಜನರಿಗೆ ಮನೆ, ಔಷಧಿ ಅಂತ ಓಡಾಡಿದ ಅಧಿಕಾರಿ. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸಾಯೋವರೆಗೂ ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿ ಎರಡೂ ಕಡೆ ಜನ ಎರಡು ಬಂದೂಕಿನ ನಡುವೆ ಸಿಕ್ಕಿಕೊಂಡಿದ್ರು. ಕಾರ್ಯಪಡೆಯ ದೌರ್ಜನ್ಯದ ಬಗ್ಗೆ ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಣೆ ನಡೆಸಿತು, ಆಮೇಲೆ ಕೆಲವರಿಗೆ ಪರಿಹಾರ ಸಿಕ್ತು. ಕಾಡು ಉಳಿಸೋ ಕತೆಯಲ್ಲಿ ಈ ಅಧ್ಯಾಯ ಬಿಟ್ಟು ಬರೆಯೋರು ಜಾಸ್ತಿ. ಬಿಡಬಾರದು.

ಈಗ ನಾವು ರೈತರು ಕಿವಿಗೊಟ್ಟು ಕೇಳಬೇಕಾದ ಭಾಗ ಬರುತ್ತೆ. ಅದು ಲಂಟಾನ.

ಈ ಕಳೆ ದಕ್ಷಿಣ ಅಮೆರಿಕಾ ಕಡೆಯದ್ದು. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಕಲ್ಕತ್ತಾದ ಸಸ್ಯತೋಟಕ್ಕೆ ಹೂವಿನ ಅಂದಕ್ಕೆ ಅಂತ ತಂದ್ರು. ಬೇಲಿಗೆ ಚೆಂದ ಅಂತ ಜನ ಹಚ್ಚಿಕೊಂಡ್ರು. ಹಣ್ಣು ಹಕ್ಕಿ ತಿನ್ನುತ್ತೆ, ಹಿಕ್ಕೆಯಲ್ಲಿ ಬೀಜ ಹೋಗುತ್ತೆ. ದನ ಬಾಯಿ ಹಾಕಲ್ಲ, ತಿಂದ್ರೆ ವಿಷ. ಬಿಳಿಗಿರಿಯಲ್ಲಿ 1997ರಲ್ಲಿ ಸಂಶೋಧಕರು ಕಾಡಿನ ಉದ್ದಗಲಕ್ಕೂ ನೂರಕ್ಕಿಂತ ಹೆಚ್ಚು ತಾಕು ಗುರುತು ಮಾಡಿ ಎಣಿಸಿದ್ರು. ನೂರರಲ್ಲಿ 41 ತಾಕಲ್ಲಿ ಲಂಟಾನ ಇತ್ತು. 2008ರಲ್ಲಿ ಅದೇ ತಾಕುಗಳಿಗೆ ಮತ್ತೆ ಹೋದ್ರೆ 81ರಲ್ಲಿ ಇತ್ತು. ಹನ್ನೊಂದು ವರ್ಷಕ್ಕೆ ಎರಡರಷ್ಟು. ಮರ ಕಡಿಯೋರು ಇಲ್ಲ, ಕುಮರಿ ಇಲ್ಲ, ಬೇಟೆ ಇಲ್ಲ, ಕಾಯ್ದೆ ಬಿಗಿಯಾಗಿದೆ. ಆದ್ರೂ ಕಾಡು ಒಳಗಿಂದ ಹಾಳಾಗ್ತಿತ್ತು. ಲಂಟಾನ ಮುಚ್ಚಿದ ನೆಲದಲ್ಲಿ ಹುಲ್ಲು ಬರಲ್ಲ, ಮರದ ಸಸಿ ಮೇಲೇಳಲ್ಲ. ಹುಲ್ಲಿಲ್ಲದ ಮೇಲೆ ಜಿಂಕೆ, ಕಾಟಿ, ಆನೆ ಎಲ್ಲಿಗೆ ಹೋಗಬೇಕು? ಕಾಡಂಚಿನ ಮುಸುಕಿನ ಜೋಳದ ಹೊಲಕ್ಕೇ.

ಸೋಲಿಗ ಹಿರಿಯರು ಇದಕ್ಕೆ ಕೊಡೋ ಕಾರಣ ಒಂದೇ: ತರಗು ಬೆಂಕಿ ನಿಂತದ್ದು. ಜನವರಿ-ಫೆಬ್ರವರಿಯಲ್ಲಿ, ನೆಲದಲ್ಲಿ ಇನ್ನೂ ತಂಪು ಇರೋವಾಗ, ಉದುರಿದ ತರಗು ಮಾತ್ರ ಸುಡೋ ಹಾಗೆ ಸಣ್ಣ ಬೆಂಕಿ ಹಾಕ್ತಿದ್ರು. ಅದು ಮೊಣಕಾಲೆತ್ತರ ಏಳ್ತಿರಲಿಲ್ಲ. ಮರಕ್ಕೆ ಏನೂ ಆಗ್ತಿರಲಿಲ್ಲ, ಲಂಟಾನದ ಎಳೇ ಸಸಿ ಸಾಯ್ತಿತ್ತು, ಮಳೆ ಬಿದ್ದ ತಕ್ಷಣ ಹುಲ್ಲು ಚಿಗುರ್ತಿತ್ತು. ಬೆಂಕಿ ನಿಲ್ಲಿಸಿದ ಮೇಲೆ ತರಗು ಪದರ ಪದರ ಕೂತಿತು, ಲಂಟಾನ ಆಳೆತ್ತರ ಬೆಳೀತು. ಈಗ ಏಪ್ರಿಲ್‌ನಲ್ಲಿ ಆಕಸ್ಮಿಕವಾಗಿ ಬೆಂಕಿ ಬಿದ್ರೆ ಅದು ಮರದ ತಲೆಗೆ ಏರುತ್ತೆ. ಅವರು ಹೇಳೋ ಇನ್ನೊಂದು ಮಾತು ಉಪ್ಪಿಲಿನದು. ನಮ್ಮ ಮಾವು, ಸಪೋಟಕ್ಕೆ ಹತ್ತೋ ಬದನಿಕೆ ಜಾತಿ ಅದು. ನೆಲ್ಲಿ ಮರಕ್ಕೆ ಹತ್ತಿ ಕಾಯಿ ಕಮ್ಮಿ ಮಾಡಿ ಕೊನೆಗೆ ಮರಾನೇ ಒಣಗಿಸುತ್ತೆ. ಬೆಂಕಿಯ ಬಿಸಿ-ಹೊಗೆ ಅದನ್ನ ಹದ್ದಲ್ಲಿಡ್ತಿತ್ತು. ಕಾಯಿ ಕೀಳೋಕೆ ಹತ್ತಿದವರು ಉಪ್ಪಿಲಿನ ರೆಂಬೆ ಕಡಿದು ಬರ್ತಿದ್ರು. ಇದನ್ನ ಬರೀ ಅಜ್ಜನ ಮಾತು ಅಂತ ತಳ್ಳದೆ ಸಂಶೋಧಕರು ಪರೀಕ್ಷೆ ಮಾಡಿ ಪ್ರಬಂಧ ಬರೆದಿದ್ದಾರೆ.

ಎಲ್ಲಾ ವಿಜ್ಞಾನಿಗಳೂ ಇದನ್ನ ಪೂರ್ತಿ ಒಪ್ಪಲ್ಲ ಅನ್ನೋದನ್ನೂ ಹೇಳ್ತೀನಿ. ಮತ್ತೆ ಮತ್ತೆ ಬೆಂಕಿ ಬಿದ್ರೆ ಮರದ ಸಸಿಗಳೂ ಸಾಯುತ್ವೆ, ಶೋಲಾ ಕಾಡಿಗಂತೂ ಬೆಂಕಿ ತಾಗಲೇಬಾರದು ಅನ್ನೋರಿದ್ದಾರೆ. ಅವರ ಮಾತಲ್ಲೂ ಹುರುಳಿದೆ. ಬೆಂಕಿ ಒಳ್ಳೇದಾ ಕೆಟ್ಟದ್ದಾ ಅನ್ನೋದು ತಪ್ಪು ಪ್ರಶ್ನೆ. ಎಲ್ಲಿ, ಯಾವಾಗ, ಯಾರ ಕೈಯಲ್ಲಿ ಅನ್ನೋದು ಸರಿ ಪ್ರಶ್ನೆ. ಆಸ್ಟ್ರೇಲಿಯಾದಲ್ಲಿ ಅಲ್ಲಿನ ಮೂಲನಿವಾಸಿಗಳ ತಂಪು ಹೊತ್ತಿನ ಬೆಂಕಿಯನ್ನ ಸರ್ಕಾರವೇ ಈಗ ಕೆಲವು ಕಡೆ ಮತ್ತೆ ಬಳಸ್ತಿದೆ. ಅಮೆರಿಕಾದ ಯೆಲ್ಲೋಸ್ಟೋನ್ 1872ರಲ್ಲಿ ಆದ ರಾಷ್ಟ್ರೀಯ ಉದ್ಯಾನ, ಪ್ರಪಂಚಕ್ಕೇ ಮೊದಲನೇದು ಅಂತಾರೆ. ಅಲ್ಲೂ ಮೊದಲು ಮೂಲಜನರನ್ನ ಹೊರಗೆ ಹಾಕಿದ್ರು, ದಶಕಗಟ್ಟಲೆ ಬೆಂಕಿ ಆರಿಸಿದ್ರು. 1988ರ ಬರದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜಾಗಕ್ಕೆ ಬೆಂಕಿ ಹಬ್ಬಿತು. ಅದಕ್ಕೆ ಬರಗಾಲ, ಗಾಳಿಯೂ ಕಾರಣ. ಆದ್ರೆ "ಬೇಲಿ ಹಾಕಿ, ಜನ ಹೊರಗೆ ಹಾಕಿ, ಕಾಡು ತಾನೇ ಬೆಳೆಯುತ್ತೆ" ಅನ್ನೋ ನಂಬಿಕೆ ಎಲ್ಲಿಂದ ಬಂತು ಅಂತ ಗೊತ್ತಿರಲಿ. (ಇದನ್ನ ಓದಿ ಯಾರೂ ಪಕ್ಕದ ಗುಡ್ಡಕ್ಕೆ ಬೆಂಕಿ ಕೊಡೋಕೆ ಹೋಗಬೇಡಿ. ಅದು ಅಪರಾಧ, ಜೊತೆಗೆ ಆ ವಿದ್ಯೆ ನಮಗೆ ಗೊತ್ತಿಲ್ಲ.)

ಮುಂದೆ ಇನ್ನೊಂದು ಏಟು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂತು. ಅದರ ಪ್ರಕಾರ ವನ್ಯಜೀವಿಧಾಮದಿಂದ ಏನನ್ನೂ ಮಾರಾಟಕ್ಕೆ ತೆಗೆಯೋ ಹಾಗಿಲ್ಲ. ಕೆಲವೇ ವರ್ಷದಲ್ಲಿ ಬಿಳಿಗಿರಿಯಲ್ಲಿ ಜೇನು, ನೆಲ್ಲಿ ಎಲ್ಲಾ ನಿಂತಿತು. ಸಂಘಗಳು ಸೊರಗಿದ್ವು. ಜನ ಕೊಡಗಿನ ಕಾಫಿ ತೋಟಕ್ಕೆ, ಕೇರಳದ ಶುಂಠಿ ಹೊಲಕ್ಕೆ ಕೂಲಿ ಹೋಗೋದು ಹೆಚ್ಚಾಯ್ತು. ಕಾಡಲ್ಲಿ ಓಡಾಡೋ ಕಣ್ಣುಗಳು ಕಮ್ಮಿ ಆದ್ವು.

2006ರಲ್ಲಿ ಪಾರ್ಲಿಮೆಂಟಿನಲ್ಲಿ ಅರಣ್ಯ ಹಕ್ಕು ಕಾಯ್ದೆ ಪಾಸಾಯ್ತು. ಸಾಗುವಳಿ ಜಾಗಕ್ಕೆ ಪಟ್ಟಾ ಅಷ್ಟೇ ಅಲ್ಲ, ಊರಿಗೆ ಊರೇ ಸೇರಿ ಕಾಡನ್ನ ಬಳಸೋ, ಕಾಯೋ, ನಿರ್ವಹಿಸೋ ಸಾಮುದಾಯಿಕ ಹಕ್ಕು ಕೂಡ ಅದರಲ್ಲಿದೆ. ಸೋಲಿಗರು ಗ್ರಾಮಸಭೆ ಕಟ್ಟಿ ಅರ್ಜಿ ಹಾಕಿದ್ರು. ಆ ಐನೂರು ದೇವರ ಜಾಗಗಳ ನಕ್ಷೆ ಆಗ ಕೆಲಸಕ್ಕೆ ಬಂತು. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಎಲ್ಲರನ್ನೂ ಎಬ್ಬಿಸ್ತಾರೆ ಅಂತ ಭಯ ಹುಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ಸಿಕ್ತು. ದೇಶದಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ಅದೇ ಮೊದಲು.

ಜನ ಇದ್ರೆ ಹುಲಿ ಇರಲ್ಲ ಅನ್ನೋ ವಾದಕ್ಕೆ ಏನಾಯ್ತು? 2010ರ ಅಂದಾಜಿನಲ್ಲಿ 35 ಇದ್ದ ಹುಲಿ 2014ರಲ್ಲಿ 68 ಅಂತ ವರದಿ ಆಯ್ತು. ಆಮೇಲಿನ ಎಣಿಕೆಗಳಲ್ಲಿ ಏರಿಳಿತ ಇದೆ. ಅದಕ್ಕೇ ಈ ಒಂದು ಲೆಕ್ಕ ಹಿಡಿದು ಜನರಿಂದಲೇ ಹುಲಿ ಹೆಚ್ಚಾಯ್ತು ಅಂತ ನಾನು ಹೇಳಲ್ಲ. ಕಾವಲು, ನೀರು, ಅಕ್ಕಪಕ್ಕದ ಕಾಡುಗಳ ನಂಟು, ಎಲ್ಲಾ ಸೇರಿರುತ್ತೆ. ಆದ್ರೆ ಜನರಿದ್ದ ಕಾರಣಕ್ಕೆ ಹುಲಿ ಹೋಗಲಿಲ್ಲ ಅನ್ನೋದಂತೂ ಕಣ್ಣಿಗೆ ಕಾಣೋ ಸತ್ಯ.

ಈಗ ಪ್ರವಾಸದ ವಿಷಯ. ಬಿಳಿಗಿರಿಯಲ್ಲಿ ಎರಡು ಥರದ ಪ್ರವಾಸಿಗಳು. ಒಂದು, ರಂಗನಾಥನ ದರ್ಶನಕ್ಕೆ ಬರೋ ಭಕ್ತರು. ತೇರು, ಹರಕೆ, ದೇವರಿಗೆ ಅರ್ಪಿಸೋ ದೊಡ್ಡ ಚರ್ಮದ ಪಾದುಕೆ, ಇದೆಲ್ಲ ಹಳೇ ನಂಟು. ಇನ್ನೊಂದು, ಕ್ಯಾತದೇವರ ಗುಡಿಯ ಸಫಾರಿ. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಲ್ಲಿ ಹುಟ್ಟಿ, ಕಬಿನಿಯಲ್ಲಿ ಮೊದಲು ಶುರು ಮಾಡಿ, ಆಮೇಲೆ ಇಲ್ಲೂ ಕ್ಯಾಂಪ್ ಮಾಡಿತು. ಡೇರೆ, ಕೆಲವು ಕೊಠಡಿ, ಲೆಕ್ಕದ ಜೀಪು. ದೊಡ್ಡ ಕಟ್ಟಡ ಇಲ್ಲ. ಇಷ್ಟು ಮಿತಿ ಇಟ್ಟುಕೊಂಡಿದ್ದು ಒಳ್ಳೇದೇ ಆಯ್ತು. 2012ರಲ್ಲಿ ಸುಪ್ರೀಂ ಕೋರ್ಟ್ ಹುಲಿ ಪ್ರದೇಶದ ಒಡಲಲ್ಲಿ ಪ್ರವಾಸವನ್ನ ಕೆಲ ತಿಂಗಳು ಪೂರ್ತಿ ನಿಲ್ಲಿಸಿತ್ತು. ಆಮೇಲೆ ಬಂದ ಮಾರ್ಗಸೂಚಿಯಲ್ಲಿ ಒಡಲಿನ ಶೇ. 20ಕ್ಕಿಂತ ಹೆಚ್ಚು ಜಾಗಕ್ಕೆ ಪ್ರವಾಸಿಗಳನ್ನ ಬಿಡಬಾರದು, ಸ್ಥಳೀಯರಿಗೆ ಅದರ ಲಾಭ ಸಿಗಬೇಕು ಅಂತ ಹೇಳಿದೆ.

ಪ್ರವಾಸದಿಂದ ಕಾಡಿಗೆ ಲಾಭ ಆಯ್ತಾ? ಆಯ್ತು. ದಾರಿಯಲ್ಲಿ ದಿನಾ ವಾಹನ ಓಡಾಡಿದ್ರೆ ಕಳ್ಳಬೇಟೆಯೋರಿಗೆ ಅಳುಕು. ಬೆಂಗಳೂರಿನೋರು ಒಂದು ಸಲ ಆನೆ ನೋಡಿ ಹೋದ್ರೆ ಆ ಕಾಡಿನ ಪರ ಮಾತಾಡ್ತಾರೆ. ಪೋಡುಗಳ ಕೆಲವು ಹುಡುಗರಿಗೆ ಗೈಡು, ಅಡುಗೆ, ಕಾವಲು ಅಂತ ಕೆಲಸ. ಆದ್ರೆ ಅದು ಕೆಲವರಿಗೆ ಮಾತ್ರ. ಕಾಡಲ್ಲಿ ಅರವತ್ತರಷ್ಟು ಪೋಡುಗಳಿದ್ದಾವೆ. ಜೇನು, ನೆಲ್ಲಿ ಪ್ರತಿ ಮನೆಗೂ ದುಡ್ಡು ತಲುಪಿಸ್ತಿತ್ತು, ಸಫಾರಿ ಹಾಗೆ ತಲುಪಿಸಲ್ಲ. ಇದೇ ಮುಖ್ಯ ವ್ಯತ್ಯಾಸ. ಜೊತೆಗೆ ಖರ್ಚೂ ಇದೆ: ಪ್ಲಾಸ್ಟಿಕ್, ರಸ್ತೆ ಅಗಲ, ವಾಹನಕ್ಕೆ ಸಿಕ್ಕಿ ಸಾಯೋ ಪ್ರಾಣಿಗಳು. ಭಕ್ತರದ್ದಾಗಲಿ ಸಫಾರಿಯವರದ್ದಾಗಲಿ, ಬಿಸಾಕಿದ ಚಿಪ್ಸ್ ಕವರ್ ಒಂದೇ.

ಕಾಡು ಮತ್ತೆ ಚಿಗುರೋಕೆ ನಿಜವಾಗಿ ಬೇಕಾದದ್ದು ಕೈಕೆಲಸ. ಲಂಟಾನ ಕೀಳೋ ವಿಧಾನ ನಮಗೂ ಉಪಯೋಗ, ಬರ್ಕೊಳ್ಳಿ. ಮೇಲಿಂದ ಸವರಿದ್ರೆ ದುಪ್ಪಟ್ಟು ಚಿಗುರುತ್ತೆ. ಬುಡದಲ್ಲಿ ಕಾಂಡ-ಬೇರು ಸೇರೋ ಗೆಣ್ಣಿನ ಕೆಳಗೆ, ನೆಲದಿಂದ ಮೂರು-ನಾಕು ಬೆರಳು ಆಳದಲ್ಲಿ, ಮುಖ್ಯ ಬೇರು ಕಡಿಯಬೇಕು. ಇಡೀ ಪೊದೆ ಎತ್ತಿ ತಲೆಕೆಳಗು ಮಾಡಿ ಒಣಗಲು ಬಿಡಬೇಕು. ಹಣ್ಣು ಕಟ್ಟೋ ಮುಂಚೆ ಮಾಡಿದ್ರೆ ಒಳ್ಳೇದು. ಮುಂದಿನ ಎರಡು-ಮೂರು ಮಳೆಗಾಲ, ಮುಖ್ಯವಾಗಿ ಹಕ್ಕಿ ಕೂರೋ ಮರದ ಕೆಳಗೆ, ಹುಟ್ಟೋ ಸಸಿ ಕೀಳಬೇಕು. ಬರಿದಾದ ನೆಲದಲ್ಲಿ ತಕ್ಷಣ ಹುಲ್ಲು ಬರಿಸಬೇಕು, ಇಲ್ಲಾಂದ್ರೆ ಪಾರ್ಥೇನಿಯಂ ಬರುತ್ತೆ. ಒಂದು ಸಲ ಕಿತ್ತು ಫೋಟೋ ತೆಗೆದು ಹೋಗೋ ಕೆಲಸ ಅಲ್ಲ ಇದು. ಅಲ್ಲೇ ಇರೋರು ಬೇಕು.

ಕಿತ್ತ ಕಡ್ಡಿಯೂ ವ್ಯರ್ಥ ಆಗಬೇಕಿಲ್ಲ. ಬಿದಿರು ಸಿಗದೆ ಹೋದಾಗ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಏಟ್ರೀ ನೆರವಿನಿಂದ ಲಂಟಾನ ಕಡ್ಡಿ ಬೇಯಿಸಿ, ಸಿಪ್ಪೆ ತೆಗೆದು, ಕುರ್ಚಿ, ಬುಟ್ಟಿ ಮಾಡೋದು ಕಲಿತ್ರು. ನೀಲಗಿರಿಯ ಗೂಡಲೂರು ಕಡೆಯ ಬುಡಕಟ್ಟು ಜನ ಅದೇ ಕಡ್ಡಿಯಲ್ಲಿ ಆಳೆತ್ತರಕ್ಕೂ ಮಿಗಿಲಾದ ಆನೆಗಳನ್ನ ಮಾಡಿದ್ದಾರೆ. 2024ರ ಆರಂಭದಲ್ಲಿ ಅವು ಲಾಲ್‌ಬಾಗಿನಲ್ಲಿ ನಿಂತಿದ್ವು, ನಿಮ್ಮಲ್ಲಿ ಕೆಲವರು ನೋಡಿರಬಹುದು. ಆನೆ ಮೇವು ನುಂಗಿದ ಕಳೆಯಿಂದಲೇ ಆನೆ ಮಾಡಿದ್ದಾರೆ ನೋಡಿ. ಇತ್ತ ಬಿಳಿಗಿರಿ ಪೋಡುಗಳಲ್ಲಿ ಮರದ ನೆರಳಲ್ಲಿ ಕಾಫಿ, ಮೆಣಸು ಬೆಳೆದು ತಾವೇ ಮಾರೋ ಪ್ರಯತ್ನ ನಡೀತಿದೆ.

ಇಷ್ಟು ಹೇಳಿದ ಮೇಲೆ ನಮ್ಮ ಬೆಟ್ಟಗಳಿಗೆ ಬರೋಣ. ನಂದಿ ಸಾಲಿನಿಂದ ಅರ್ಕಾವತಿ, ಪಿನಾಕಿನಿ, ಪಾಲಾರ್ ಹುಟ್ಟುತ್ವೆ. ನಮ್ಮ ಬೋರ್‌ವೆಲ್‌ಗಳ ಹಣೆಬರಹ ಆ ಬೆಟ್ಟದ ಮೈಮೇಲೆ ಎಷ್ಟು ಹಸಿರಿದೆ ಅನ್ನೋದರ ಮೇಲೂ ನಿಂತಿದೆ. ನಾವು ಸೋಲಿಗರಲ್ಲ, ನಮಗೆ ಆ ವಿದ್ಯೆ ಇಲ್ಲ. ಆದ್ರೆ ನಮ್ಮಲ್ಲೂ ಮುನೇಶ್ವರನ ತೋಪು, ಗುಂಡುತೋಪು, ಕೆರೆ ಏರಿ ಮೇಲಿನ ಹೊಂಗೆ ಸಾಲು ಇದ್ವು. ಮುಟ್ಟಿದ್ರೆ ದೇವರು ಕೇಳ್ತಾನೆ ಅನ್ನೋ ಭಯವೇ ಅವಕ್ಕೆ ಬೇಲಿಯಾಗಿತ್ತು.

ಬಿಳಿಗಿರಿಯ ಐವತ್ತು ವರ್ಷ ನೋಡಿದ ಮೇಲೆ, ಯಾರಾದ್ರೂ "ಪರಿಸರ ಪ್ರವಾಸ" ಅಂತ ನಮ್ಮ ಗ್ರಾಮಸಭೆಗೆ ಬಂದಾಗ ಕೇಳಬೇಕಾದ ನಾಕು ಪ್ರಶ್ನೆ ನನಗೆ ಕಾಣ್ತವೆ. ಒಂದು, ಟಿಕೆಟ್ ದುಡ್ಡು ಎಷ್ಟು ಮನೆಗೆ ಹೋಗುತ್ತೆ, ನಾಕು ಮನೆಗಾ ನಾನೂರು ಮನೆಗಾ? ಎರಡು, ದಿನಕ್ಕೆ ಎಷ್ಟು ಗಾಡಿ, ಎಷ್ಟು ಜನ ಅನ್ನೋ ಮಿತಿ ಯಾರು ಹಾಕ್ತಾರೆ, ಮೀರಿದ್ರೆ ನಿಲ್ಲಿಸೋ ಅಧಿಕಾರ ಊರಿಗೆ ಇದೆಯಾ? ಮೂರು, ಕಳೆ ಕೀಳೋರು, ಹುಲ್ಲು ಬರಿಸೋರು, ಬೆಂಕಿ ಕಾಯೋರು ಯಾರು, ಅವರ ಕೂಲಿ ಎಷ್ಟು ವರ್ಷದ್ದು? ನಾಲ್ಕು, ಈಗ ಅಲ್ಲಿ ದನ ಮೇಯಿಸೋರು, ಹುಣಸೆ, ಹೊಂಗೆ ಬೀಜ ಆರಿಸೋರು ಏನಾಗ್ತಾರೆ? ಈ ನಾಕಕ್ಕೆ ಬಾಯಿಮಾತಲ್ಲ, ನಡವಳಿ ಪುಸ್ತಕದಲ್ಲಿ ಬರೆದು ಉತ್ತರ ಕೊಟ್ರೆ ಸಹಿ ಹಾಕೋಣ. ಇಲ್ಲಾಂದ್ರೆ ಬೇಡ.

ಮಳೆ ಹಿಡಿಯೋ ಹೊತ್ತಿಗೆ ನಮ್ಮ ಕೆರೆ ಅಂಗಳದ ಮೇಲಿನ ಲಂಟಾನ ಕೀಳೋಕೆ ಒಂದಿಷ್ಟು ಜನ ಸೇರೋಣ ಅಂತಿದ್ದೀವಿ. ಗುದ್ದಲಿ, ಮಚ್ಚು, ಕೈಗೆ ದಪ್ಪ ಬಟ್ಟೆ ಸಾಕು. ನಿಮ್ಮೂರಲ್ಲಿ ಹಳೇ ಗುಂಡುತೋಪು ಇನ್ನೂ ಉಳಿದಿದ್ರೆ, ಅದರಲ್ಲಿ ಯಾವ ಯಾವ ಮರ ಇದ್ದಾವೆ ಅಂತ ಕೆಳಗೆ ಬರೀರಿ. ಮನೆಯ ಹಿರೀಕರನ್ನ ಕೇಳಿ ಬರೀರಿ. ಪಹಣಿಯಲ್ಲಿ ಅದು ಏನಂತ ನಮೂದಾಗಿದೆ ಅಂತ ಕೂಡ ಒಂದು ಸಲ ನೋಡ್ಕೊಳ್ಳಿ.